ಗರ್ಭಿಣಿ ಅಂತ ಗೊತ್ತಾಗುವ ಮೊದಲು ವೈನ್, ವಿಸ್ಕಿ ತೆಗೆದುಕೊಂಡಿದ್ದೆ. ಮಗುವಿಗೆ ಏನಾದರೂ ಆಗಿರುತ್ತಾ?

ಕಾಫಿಹೂವು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲು ಆಗದ ವಿಷಯ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತವರು ಸೋಮವಾರಪೇಟೆ ಕಡೆ. ಮದುವೆಯಾಗಿ ಈಗ ಮೈಸೂರಿನಲ್ಲಿದ್ದೇನೆ. ನಿನ್ನೆ, ಮೇ 20ಕ್ಕೆ, ಬೆಳಿಗ್ಗೆ ಎದ್ದ ತಕ್ಷಣ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ನಂಬಿಕೆಯಾಗದೆ ಮೆಡಿಕಲ್‌ನಿಂದ ಇನ್ನೊಂದು ಕಿಟ್ ತರಿಸಿದೆ, ಅದರಲ್ಲೂ ಎರಡು ಗೆರೆ. ವರ್ಷಗಟ್ಟಲೆ ಕಾದಿದ್ದ ಸುದ್ದಿ ಇದು. ಆದರೆ ಖುಷಿ ಪಡುವ ಬದಲು ಕೈಕಾಲು ತಣ್ಣಗಾಗಿವೆ.

ಹಿಂದಿನ ಪೀರಿಯಡ್ಸ್ ಏಪ್ರಿಲ್ 12ಕ್ಕೆ ಶುರುವಾಗಿತ್ತು. ನನಗೆ ಸಾಮಾನ್ಯವಾಗಿ 28 ದಿನಕ್ಕೆ ಸರಿಯಾಗಿ ಆಗುತ್ತದೆ. ಮೇ 1 ಮತ್ತು 2ಕ್ಕೆ ವಿರಾಜಪೇಟೆಯಲ್ಲಿ ದೊಡ್ಡಪ್ಪನ ಮಗನ ಮದುವೆ ಇತ್ತು. ನಮ್ಮ ಕಡೆ ಮದುವೆಮನೆಯಲ್ಲಿ ಹೆಂಗಸರೂ ಒಂದೆರಡು ಗ್ಲಾಸ್ ತೆಗೆದುಕೊಳ್ಳುವುದು ಹೊಸದೇನಲ್ಲ. ಮೊದಲ ರಾತ್ರಿ ಚಿಕ್ಕಮ್ಮ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಎರಡು ಗ್ಲಾಸ್ ಕುಡಿದೆ. ಭರಣಿಯಲ್ಲಿ ಹಾಕಿಟ್ಟ ವೈನ್, ಎಷ್ಟು ಸ್ಟ್ರಾಂಗ್ ಅಂತ ಅವರಿಗೇ ಗೊತ್ತಿಲ್ಲ. ಮರುದಿನ ಎಲ್ಲರ ಜೊತೆ ಕೂತು ವಿಸ್ಕಿ 60 ತೆಗೆದುಕೊಂಡೆ. ಆಮೇಲೆ ಮೇ 14ಕ್ಕೆ ಆಫೀಸಿನವರ ಜೊತೆ ಊಟಕ್ಕೆ ಹೋದಾಗ ಬಿಯರ್ ಒಂದು ಪಿಂಟ್. ಅಷ್ಟರಲ್ಲಿ ಡೇಟ್ ತಪ್ಪಿತ್ತು. ಓಡಾಟ ಜಾಸ್ತಿಯಾಗಿ ಹೀಗಾಗಿದೆ ಅಂದುಕೊಂಡಿದ್ದೆ.

ಗಂಡನ ಮನೆಯವರು ಮಂಡ್ಯ ಕಡೆಯವರು. ಯಜಮಾನರಿಗೆ ಎಲ್ಲಾ ಗೊತ್ತು, ಆದರೆ ಅತ್ತೆಗೆ ನಾನು ಇವನ್ನೆಲ್ಲ ಮುಟ್ಟುತ್ತೇನೆ ಅಂತಲೇ ಗೊತ್ತಿಲ್ಲ. ಸೋಮವಾರ ಡಾಕ್ಟರ್ ಹತ್ತಿರ ಅತ್ತೆಯೂ ಬರುತ್ತಾರೆ. ಅವರ ಎದುರು ಹೇಗೆ ಹೇಳಲಿ? ಜೊತೆ ಕೆಲಸ ಮಾಡುವ ಒಬ್ಬಳು "ರಿಸ್ಕ್ ಬೇಡ ಕಣೇ, ಈ ಸಲ ಮಾತ್ರೆ ತಗೊಂಡು ತೆಗೆಸಿಬಿಡು" ಅಂದಳು. ಆ ಮಾತು ಕೇಳಿದಾಗಿನಿಂದ ಊಟ ಸೇರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲೆನಾಡ ಹುಡುಗ:

ಅಕ್ಕ, ಏನೂ ಆಗುವುದಿಲ್ಲ, ಆರಾಮಾಗಿರಿ. ನಮ್ಮ ಅಜ್ಜಿ ಕಾಲದಲ್ಲಿ ಬಾಣಂತಿಗೇ ಬ್ರಾಂಡಿ ಕೊಡುತ್ತಿದ್ದರು. ವೈನ್ ರಕ್ತಕ್ಕೂ ಒಳ್ಳೆಯದು ಅಂತಾರೆ. ದಿನಾ ಸ್ವಲ್ಪ ತಗೊಂಡರೂ ಪರವಾಗಿಲ್ಲ.

ವಾರ್ಡ್ ಸಿಸ್ಟರ್:

ತಮ್ಮಾ, ಸಮಾಧಾನ ಹೇಳುವ ಮನಸ್ಸು ಒಳ್ಳೆಯದು. ಆದರೆ "ದಿನಾ ಸ್ವಲ್ಪ" ಅನ್ನುವ ಮಾತು ಮಾತ್ರ ಬೇಡಪ್ಪ. ಬಸುರಿಯಲ್ಲಿ ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಲೆಕ್ಕ ಯಾರ ಹತ್ತಿರವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಗೊತ್ತಾದ ದಿನದಿಂದ ಒಂದು ತೊಟ್ಟೂ ಬೇಡ.

ಕಾಫಿಹೂವು, ಈಗ ನಿಮ್ಮ ಹತ್ತಿರ ಮಾತಾಡುತ್ತೇನೆ. ನಾನು ಹಾಸನ ಕಡೆಯವಳು, ಹೆರಿಗೆ ವಾರ್ಡಿನಲ್ಲೇ ಸರ್ವೀಸ್ ಮುಗಿಸಿದೆ. ನೀವು ಕೇಳಿದ ಪ್ರಶ್ನೆಯನ್ನು ಎಷ್ಟೋ ಹೆಣ್ಣುಮಕ್ಕಳು ನನ್ನ ಕಿವಿಯಲ್ಲಿ ಪಿಸುಗುಟ್ಟಿ ಕೇಳಿದ್ದಾರೆ. ಮೊದಲು ಒಂದು ಕ್ಯಾಲೆಂಡರ್ ತಗೊಂಡು ಕೂತ್ಕೊಳ್ಳಿ.

ಡಾಕ್ಟರು ವಾರ ಎಣಿಸುವುದು ಹಿಂದಿನ ಪೀರಿಯಡ್ಸ್ ಶುರುವಾದ ದಿನದಿಂದ. ಆ ಲೆಕ್ಕದಲ್ಲಿ ನಿಮಗೆ ಟೆಸ್ಟ್ ಮಾಡಿದ ದಿನ 5 ವಾರ 3 ದಿನ. ಆದರೆ ಆ ಲೆಕ್ಕದ ಮೊದಲ ಎರಡು ವಾರ ಗರ್ಭವೇ ನಿಂತಿರುವುದಿಲ್ಲ. 28 ದಿನಕ್ಕೆ ಆಗುವವರಿಗೆ ಅಂಡ ಹೊರಬರುವುದು ಹೆಚ್ಚುಕಡಿಮೆ 14ನೇ ದಿನ, ಅಂದರೆ ನಿಮಗೆ ಏಪ್ರಿಲ್ 26ರ ಆಸುಪಾಸು. ಗರ್ಭ ಕಟ್ಟಿದ ಮೇಲೆ ಅದು ಗರ್ಭಕೋಶಕ್ಕೆ ಸೇರುವ ಟ್ಯೂಬಿನಲ್ಲಿ ನಿಧಾನಕ್ಕೆ ಇಳಿದು ಬರಬೇಕು. ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳಲು 6ರಿಂದ 10 ದಿನ ಬೇಕು. ಮದುವೆಯ ಆ ಎರಡು ರಾತ್ರಿ ನಿಮ್ಮ ಮಗು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳ ಗುಂಪು. ನಿಮ್ಮ ರಕ್ತದ ಜೊತೆ ಅದಕ್ಕೆ ಇನ್ನೂ ಸಂಪರ್ಕವೇ ಆಗಿರಲಿಕ್ಕಿಲ್ಲ. ಆ ಹಂತದಲ್ಲಿ ದೊಡ್ಡ ಪೆಟ್ಟು ಬಿದ್ದರೆ ಗರ್ಭ ನಿಲ್ಲುವುದೇ ಇಲ್ಲ, ಪೀರಿಯಡ್ಸ್ ಆಗಿ ಹೋಗಿಬಿಡುತ್ತದೆ. ನಿಂತಿತು ಅಂದರೆ ಉಳಿದ ಕೋಶಗಳು ಸರಿಮಾಡಿಕೊಂಡು ಬೆಳೆಯುತ್ತವೆ. ಡಾಕ್ಟರುಗಳು ಇದಕ್ಕೆ "ಆಲ್ ಆರ್ ನನ್" ಅನ್ನುತ್ತಾರೆ, ಅಂದರೆ ಪೂರ್ತಿ ಹೋಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ನಿಮಗೆ ನಿಂತಿದೆ.

ಮೇ 14ರ ಬಿಯರ್ ವಿಷಯ ಸ್ವಲ್ಪ ಬೇರೆ. ಆ ಹೊತ್ತಿಗೆ ಗರ್ಭ ಕಚ್ಚಿಕೊಂಡಿತ್ತು, ಬೆನ್ನುಹುರಿ ಮತ್ತು ಮೆದುಳಿಗೆ ಅಡಿಪಾಯ ಬೀಳುವ ಹೊತ್ತು. ಹಾಗಾಗಿ "ಅದು ಲೆಕ್ಕಕ್ಕೇ ಇಲ್ಲ" ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟು ಅಂತ ನೋಡಿ. 330 ಎಂಎಲ್‌ನ ಪಿಂಟ್, ಅದರಲ್ಲಿ 5 ಪರ್ಸೆಂಟ್ ಅಂದರೆ ಸುಮಾರು 13 ಗ್ರಾಂ ಆಲ್ಕೋಹಾಲ್. ಕೆಲವು ಗಂಟೆಗಳಲ್ಲಿ ಲಿವರ್ ಅದನ್ನು ಕರಗಿಸಿಬಿಡುತ್ತದೆ. ಮೈಯಲ್ಲಿ ಉಳಿದುಕೊಂಡು ಮಗುವಿಗೆ ದಿನವೂ ಹೋಗುತ್ತಾ ಇರುವುದಿಲ್ಲ. ಒಂದು ಸಲದ ಇಷ್ಟು ಪ್ರಮಾಣದಿಂದ ಮಗುವಿಗೆ ತೊಂದರೆಯಾಗುವ ಸಾಧ್ಯತೆ ಕಡಿಮೆ. ಮದ್ಯದಿಂದ ಮಕ್ಕಳಿಗೆ ಆಗುವ ತೊಂದರೆಗೆ ಅಮೆರಿಕದ ಸಿಯಾಟಲ್‌ನ ಡಾಕ್ಟರುಗಳು 1973ರಲ್ಲಿ ಹೆಸರಿಟ್ಟರು. ತಲೆ ಸಣ್ಣ, ಮೇಲ್ದುಟಿ ತೆಳು, ಮೂಗಿನ ಕೆಳಗಿನ ಗುಳಿ ಸಪಾಟು, ಬೆಳವಣಿಗೆ ಕಡಿಮೆ. ಅವರು ನೋಡಿದ ಮಕ್ಕಳ ತಾಯಂದಿರು ಬಸುರಿನುದ್ದಕ್ಕೂ ವಿಪರೀತ ಕುಡಿಯುತ್ತಿದ್ದವರು. ನಿಮ್ಮ ಕತೆ ಅದಲ್ಲ.

ಇನ್ನು ನಿಮ್ಮ ಸಹೋದ್ಯೋಗಿ ಹೇಳಿದ ಮಾತು. ಕೈಮುಗಿದು ಕೇಳುತ್ತೇನೆ, ಅದನ್ನು ತಲೆಯಿಂದ ತೆಗೆದುಹಾಕಿ. ಗೊತ್ತಾಗುವ ಮೊದಲು ಒಂದೆರಡು ಸಲ ಕುಡಿದರು ಅನ್ನುವ ಒಂದೇ ಕಾರಣಕ್ಕೆ ಗರ್ಭ ತೆಗೆಸಿ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತರುವ ಗರ್ಭಪಾತದ ಮಾತ್ರೆಯ ಕಿಟ್ ಇದೆಯಲ್ಲ, ಅದರಿಂದ ಆದ ಅನಾಹುತ ನಾನು ಕಣ್ಣಾರೆ ನೋಡಿದ್ದೇನೆ. ಗರ್ಭ ಟ್ಯೂಬಿನಲ್ಲಿ ಕೂತಿದ್ದರೆ ಆ ಮಾತ್ರೆಯಿಂದ ಹೋಗುವುದಿಲ್ಲ. ಹೊರಗೆ ಬ್ಲೀಡಿಂಗ್ ಆಯಿತು, ಎಲ್ಲಾ ಮುಗಿಯಿತು ಅಂದುಕೊಂಡಿರುತ್ತಾರೆ. ಒಳಗೆ ಟ್ಯೂಬ್ ಒಡೆದು ಹೊಟ್ಟೆಯಲ್ಲಿ ರಕ್ತ ತುಂಬಿಕೊಳ್ಳುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಆಟೋದಲ್ಲಿ ಬಂದ ಹುಡುಗಿಯ ತುಟಿ ಕಾಗದದಷ್ಟು ಬಿಳಿಯಾಗಿತ್ತು. ಬದುಕಿದಳು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಅತ್ತೆ ವಿಷಯಕ್ಕೆ ಬರೋಣ. ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ, ಆದರೆ ಅತ್ತೆಯ ಎದುರೇ ಹೇಳಬೇಕು ಅಂತಲೂ ಇಲ್ಲ. ಒಳಗೆ ಕರೆಯುವ ಮೊದಲು ತೂಕ, ಬಿಪಿ ನೋಡಲು ಸಿಸ್ಟರ್ ಕರೆಯುತ್ತಾರೆ. ಅಲ್ಲಿ ನೀವೊಬ್ಬರೇ ಇರುತ್ತೀರಿ. ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ. ಹಿಂದಿನ ಪೀರಿಯಡ್ಸ್ ಡೇಟ್, ಯಾವ ದಿನ ಏನು ಎಷ್ಟು ಕುಡಿದಿರಿ, ಕೊನೆಗೆ "ಮನೆಯವರ ಎದುರು ಕೇಳಬೇಡಿ". ಅದನ್ನು ಸಿಸ್ಟರ್ ಕೈಗೆ ಕೊಡಿ. ಇಂಥ ಚೀಟಿಗಳನ್ನು ನಾನು ಎಷ್ಟೋ ಸಲ ಡಾಕ್ಟರ್ ಟೇಬಲ್ ಮೇಲೆ ಇಟ್ಟಿದ್ದೇನೆ. ಅವರೇ ಏನೋ ನೆಪ ಹೇಳಿ ಜೊತೆಗಿದ್ದವರನ್ನು ಹೊರಗೆ ಕಳಿಸುತ್ತಾರೆ.

ಫೋಲಿಕ್ ಆಸಿಡ್ ಶುರು ಮಾಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಸೋಮವಾರದವರೆಗೆ ಕಾಯಬೇಡಿ. ಆ ಮಾತ್ರೆ ಬೇಕಾಗುವುದು ಮುಖ್ಯವಾಗಿ ಮಗುವಿನ ಬೆನ್ನುಹುರಿಗೆ. ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಪೀರಿಯಡ್ಸ್ ಲೆಕ್ಕದ 6ನೇ ವಾರದ ಹೊತ್ತಿಗೆ, ಅಂದರೆ ಈ ದಿನಗಳಲ್ಲೇ. ಕಳೆದ ವಾರದ ಬಿಯರ್ ಬಗ್ಗೆ ಕೊರಗುವುದಕ್ಕಿಂತ ಈ ಮಾತ್ರೆ ಮುಖ್ಯ.

ಲೀಡ್ಸ್ ಕನ್ನಡತಿ:

ಸಿಸ್ಟರ್ ಇಷ್ಟು ಬಿಡಿಸಿ ಹೇಳಿದ್ದಾರೆ, ನನ್ನದೂ ಒಂದು ಮಾತು. ನಾನು ದಾವಣಗೆರೆಯವಳು, ಈಗ ಇಂಗ್ಲೆಂಡಿನಲ್ಲಿದ್ದೇನೆ. ನನಗೂ ಹೀಗೇ ಆಗಿತ್ತು, ಕ್ರಿಸ್ಮಸ್ ಪಾರ್ಟಿಯಲ್ಲಿ ವೈನ್ ಕುಡಿದು ಹೊಸ ವರ್ಷಕ್ಕೆ ಗೊತ್ತಾಯಿತು. ಇಲ್ಲಿ ಮೊದಲ ಭೇಟಿಯಲ್ಲಿ ಮಿಡ್‌ವೈಫ್ ಎಲ್ಲರಿಗೂ ಕೇಳುತ್ತಾರೆ, ಎಷ್ಟು ಯೂನಿಟ್ ಕುಡಿಯುತ್ತೀರಿ ಅಂತ. ಒಂದು ಯೂನಿಟ್ ಅಂದರೆ 8 ಗ್ರಾಂ ಆಲ್ಕೋಹಾಲ್. ಊರಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳುತ್ತಿರಲಿಲ್ಲವೇನೋ, ನಾನಾಗಿ ಹೇಳುತ್ತಲೂ ಇರಲಿಲ್ಲ. ಆಕೆ ಬರೆದುಕೊಂಡು, "ಈಗ ನಿಲ್ಲಿಸಿದ್ದೀರಲ್ಲ, ಸಾಕು" ಅಂದರು. ಬಿಪಿ ಪಟ್ಟಿ ಕಟ್ಟುತ್ತಾ ಹೇಳಿದ ಆ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಇಲ್ಲಿಯ ಸರ್ಕಾರಿ ಸಲಹೆ 2016ರಲ್ಲಿ ಬದಲಾಯಿತು. ಮೊದಲು ಕುಡಿಯಲೇಬೇಕು ಅಂದರೆ ವಾರಕ್ಕೆ ಒಂದೆರಡು ಸಲ, ಪ್ರತಿ ಸಲ ಒಂದೆರಡು ಯೂನಿಟ್ ಮೀರಬೇಡಿ ಅನ್ನುತ್ತಿದ್ದರು. ಈಗ ಗರ್ಭಿಣಿಗೆ ಪೂರ್ತಿ ಬೇಡ. ಆದರೆ ಅದೇ ಸಲಹೆಯಲ್ಲಿ ಇನ್ನೊಂದು ಮಾತೂ ಇದೆ. ಗೊತ್ತಾಗುವ ಮೊದಲು ಸ್ವಲ್ಪ ಕುಡಿದಿದ್ದರೆ ಮಗುವಿಗೆ ಅಪಾಯ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು, ಗಾಬರಿಯಾಗಬೇಡಿ ಅಂತ.

ನನ್ನ ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ, ಚೆನ್ನಾಗಿದ್ದಾಳೆ. ಅವಳನ್ನು ತೋರಿಸಿ "ನೋಡಿ, ಏನೂ ಆಗಲ್ಲ" ಅನ್ನುವುದು ಸರಿಯಲ್ಲ, ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ. ಆ ಭಯ ಹೇಗಿರುತ್ತದೆ ಅಂತ ನನಗೆ ಗೊತ್ತು, ಅಷ್ಟೇ.

ತುಮಕೂರು ಅಮ್ಮು:

ಸಿಸ್ಟರ್, ನನ್ನದೂ ಒಂದು ಡೌಟ್. ನಾನು ಯಾವತ್ತೂ ಕುಡಿದವಳಲ್ಲ. ಆದರೆ ಪೀರಿಯಡ್ಸ್ ಸರಿಯಿಲ್ಲ ಅಂತ ಅಮ್ಮ ಅಶೋಕಾರಿಷ್ಟ ತಂದುಕೊಟ್ಟಿದ್ದರು, ದಿನಾ ಊಟ ಆದ ಮೇಲೆ ಕುಡಿಯುತ್ತಿದ್ದೆ. ಈಗ ಪಾಸಿಟಿವ್ ಬಂದಿದೆ. ಬಾಟಲಿ ಮೇಲೆ ನೋಡಿದರೆ ಆಲ್ಕೋಹಾಲ್ ಅಂತ ಬರೆದಿದೆ!

ಹೆಸರು ಬೇಡ:

ನಾನೂ ಕೇಳಬೇಕು. ನನ್ನ ನಾದಿನಿಗೆ ನಾಲ್ಕು ತಿಂಗಳು. ಅವಳು ದಿನಾ ಕುಡಿಯುತ್ತಾಳೆ, ಬೆಳಿಗ್ಗೆಯೇ ಬೇಕು. ನಾವು ಬೈದೂ ನೋಡಿದೆವು, ಬಾಗಿಲು ಹಾಕಿ ಕೂರಿಸಿಯೂ ನೋಡಿದೆವು.

ವಾರ್ಡ್ ಸಿಸ್ಟರ್:

ಅಮ್ಮು, ಅರಿಷ್ಟ, ಆಸವಗಳನ್ನು ಹುಳಿಬರಿಸಿಯೇ ಮಾಡುವುದು, ಅದರಲ್ಲಿ ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ. ಲೇಬಲ್ ಮೇಲೆ ಪರ್ಸೆಂಟ್ ಬರೆದಿರುತ್ತದೆ. 10 ಪರ್ಸೆಂಟ್ ಇದೆ ಅಂತಲೇ ಇಟ್ಟುಕೊಳ್ಳಿ, 20 ಎಂಎಲ್ ಕುಡಿದರೆ ಒಂದೂವರೆ ಗ್ರಾಂ ಚಿಲ್ಲರೆ. ಪ್ರಮಾಣ ಚಿಕ್ಕದು, ಹೆದರಬೇಡಿ. ಆದರೆ ಇವತ್ತಿಗೇ ನಿಲ್ಲಿಸಿ. ಅದರಲ್ಲಿರುವ ಗಿಡಮೂಲಿಕೆಗಳ ವಿಷಯವೂ ಇದೆ, ಆದ್ದರಿಂದ ಆ ಬಾಟಲಿಯನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ.

"ಹೆಸರು ಬೇಡ" ಅಂತ ಬರೆದವರೇ, ನಿಮ್ಮ ಮಾತು ಓದಿ ಸಂಕಟವಾಯಿತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಗುವ ಮೊದಲು ನಮ್ಮ ವಾರ್ಡಿಗೆ ಅಂಥ ತಾಯಂದಿರು ಬರುತ್ತಿದ್ದರು. ಅವರಿಗೆ ಬೈಗುಳದಿಂದ ಏನೂ ಉಪಯೋಗವಾಗುತ್ತಿರಲಿಲ್ಲ, ಇನ್ನಷ್ಟು ಮುಚ್ಚಿಡುತ್ತಿದ್ದರು. ಬೆಳಿಗ್ಗೆಯೇ ಬೇಕು ಅನ್ನುವ ಹಂತಕ್ಕೆ ಹೋದವರನ್ನು ಬಾಗಿಲು ಹಾಕಿ ಕೂರಿಸಿ ಒಂದೇ ಸಲ ನಿಲ್ಲಿಸಬೇಡಿ. ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ತಾಯಿಗೂ ಮಗುವಿಗೂ ಅಪಾಯ. ಡಾಕ್ಟರ ಕಣ್ಗಾವಲಿನಲ್ಲೇ ಬಿಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವೂ ಇದೆ, ಗರ್ಭಿಣಿ ಬಾಣಂತಿಯರ ಮನಸ್ಸಿನ ತೊಂದರೆ ನೋಡುವ ಡಾಕ್ಟರುಗಳೂ ಇದ್ದಾರೆ. ನಾಲ್ಕು ತಿಂಗಳಾಯಿತು, ಇನ್ನೇನು ಅಂತ ಕೈಚೆಲ್ಲಬೇಡಿ. ಮಗುವಿನ ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಯಾವಾಗ ನಿಂತರೂ ಅಲ್ಲಿಂದ ಮುಂದೆ ಲಾಭವೇ.

ಕಾಫಿಹೂವು:

ಸಿಸ್ಟರ್, ಸೋಮವಾರ ಹೋಗಿಬಂದೆ. ಚೀಟಿ ಕೊಟ್ಟೆ. ಬಿಪಿ ನೋಡಿದ ಹುಡುಗಿ ಓದಿ, ಏನೂ ಮಾತಾಡದೆ ಫೈಲಿನೊಳಗೆ ಇಟ್ಟಳು. ಡಾಕ್ಟರ್ ಅತ್ತೆಗೆ "ಅಮ್ಮಾ, ಕೌಂಟರ್‌ನಲ್ಲಿ ಫೈಲ್ ನಂಬರ್ ಬರೆಸಿಕೊಂಡು ಬನ್ನಿ" ಅಂತ ಕಳಿಸಿದರು. ನೀವು ಹೇಳಿದ್ದನ್ನೇ ಹೇಳಿದರು. ಮೇ 14ರದ್ದನ್ನು ಎರಡು ಸಲ ಕೇಳಿ ಬರೆದುಕೊಂಡರು. ಫೋಲಿಕ್ ಆಸಿಡ್ ನೀವು ಹೇಳಿದ ದಿನವೇ ಫೋನ್ ಮಾಡಿ ಶುರು ಮಾಡಿದ್ದೆ. 7ನೇ ವಾರಕ್ಕೆ ಹಾರ್ಟ್‌ಬೀಟ್ ನೋಡಲು ಸ್ಕ್ಯಾನ್ ಬರೆದಿದ್ದಾರೆ, ಡ್ಯೂ ಡೇಟ್ ಜನವರಿ 17.

ಇನ್ನೊಂದೇ ಪ್ರಶ್ನೆ. ಸ್ಕ್ಯಾನ್‌ನಲ್ಲಿ ಎಲ್ಲಾ ಸರಿಯಾಗಿದೆ ಅಂತ ಬಂದರೆ, ಕುಡಿದದ್ದರಿಂದ ಏನೂ ಆಗಿಲ್ಲ ಅಂತ ಖಾತ್ರಿಯಾಗುತ್ತದಾ?

ವಾರ್ಡ್ ಸಿಸ್ಟರ್:

ತುಂಬಾ ಸಂತೋಷ ಮಗಳೇ. ನಿಜ ಹೇಳಬೇಕು ಅಂದರೆ ಪೂರ್ತಿ ಖಾತ್ರಿ ಕೊಡುವ ಸ್ಕ್ಯಾನ್ ಇಲ್ಲ. 11ರಿಂದ 14 ವಾರದೊಳಗೆ ಮಗುವಿನ ಕತ್ತಿನ ಹಿಂಭಾಗ ಅಳೆಯುವ ಎನ್‌ಟಿ ಸ್ಕ್ಯಾನ್, ನಿಮಗೆ ಅದು ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಬರುತ್ತದೆ. 18ರಿಂದ 20 ವಾರಕ್ಕೆ ಅನಾಮಲಿ ಸ್ಕ್ಯಾನ್, ಅದು ಆಗಸ್ಟ್ ಎರಡನೇ ಅರ್ಧದಲ್ಲಿ. ಹೃದಯ, ಬೆನ್ನುಹುರಿ, ತಲೆ, ಕೈಕಾಲು ಎಲ್ಲವನ್ನೂ ನೋಡುತ್ತಾರೆ. ಆದರೆ ಮದ್ಯದ ಪರಿಣಾಮ ಮಾತ್ರ ಬೇರೆಯಾಗಿ ಕಾಣುವಂಥದ್ದಲ್ಲ. ಆ ಖಾತ್ರಿಗಾಗಿ ಹೆಚ್ಚುವರಿ ಸ್ಕ್ಯಾನ್ ಮಾಡಿಸುತ್ತಾ ಓಡಾಡಬೇಡಿ, ಡಾಕ್ಟರ್ ಬರೆದಷ್ಟು ಮಾಡಿಸಿ.

ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಮಾಡಿಸಿಕೊಳ್ಳಿ, ಪ್ರೈವೇಟ್‌ನಲ್ಲಿ ತೋರಿಸುತ್ತಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿದರೆ ಮಾಡಿಸಿಕೊಡುತ್ತಾರೆ. 7ನೇ ವಾರದ ಸ್ಕ್ಯಾನ್‌ಗೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಊಟ ಸೇರದಿರುವುದು ಇನ್ನೂ ಹೀಗೇ ಮುಂದುವರಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ಹೇಳಬೇಕಾದ ವಿಷಯವೇ.