ಅಪ್ಪನಿಗೆ ಮಿನಿ ಸ್ಟ್ರೋಕ್ ಆಗಿದೆ: ಹೆಪ್ಪು ತೆಗೆಸಿದವರು ಅನುಭವ ಹೇಳಿ

ಸಾಗರದ ಹುಡುಗ: ಅಪ್ಪನಿಗೆ 71. ಹೋದ ವಾರ ಬಲಗೈ ಇಪ್ಪತ್ತು ನಿಮಿಷ ಸೋತು, ತಾನಾಗೇ ಸರಿಹೋಯಿತು. ಹಾರ್ಟ್ ಬೀಟ್ ಏರುಪೇರಿದೆಯಂತೆ, ರಕ್ತ ತೆಳುವಾಗುವ ಮಾತ್ರೆ ಶುರುವಾಗಿದೆ. ದೊಡ್ಡದು ಬಂದರೆ ಥ್ರಾಂಬೆಕ್ಟಮಿ (ಮೆದುಳಿನ ನಾಳದ ಹೆಪ್ಪು ಎಳೆದು ತೆಗೆಯೋದು) ಮಾಡುವ ಕಡೆಗೇ ನೇರ ಹೋಗಿ ಅಂದರು ಡಾಕ್ಟರ್. ನಮ್ಮ ಹಳ್ಳಿಯಿಂದ ಶಿವಮೊಗ್ಗಕ್ಕೇ ಎರಡು ಗಂಟೆ. ಎಷ್ಟು ದುಡ್ಡು ಕೈಯಲ್ಲಿಟ್ಟುಕೊಳ್ಳಬೇಕು?

ತುಮಕೂರು ತೋಟ: ನಮ್ಮ ತಂದೆಗೆ 2022ರಲ್ಲಿ ಮಾಡಿಸಿದೆವು. ಎಡಗಡೆ ಎಂಸಿಎ, ಅಂದರೆ ಮೆದುಳಿನ ದೊಡ್ಡ ರಕ್ತನಾಳ, ಅದರ ಬುಡದ ಎಂ1 ಭಾಗದಲ್ಲೇ ಪೂರ್ತಿ ಬಂದ್. ಬಲಗೈ, ಬಲಗಾಲು, ಮಾತು ಮೂರೂ ಹೋಗಿತ್ತು. ಬೆಂಗಳೂರು ಮುಟ್ಟುವಾಗ ಐದು ಗಂಟೆ ಆಗಿತ್ತು, ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಗಡುವು ಮುಗಿದಿತ್ತು. ಮೂರು ಲಕ್ಷ ಅಡ್ವಾನ್ಸ್ ಕಟ್ಟುವವರೆಗೆ ಕ್ಯಾಥ್‌ಲ್ಯಾಬ್ (ನಾಳದೊಳಗೆ ವಯರ್ ಬಿಟ್ಟು ಚಿಕಿತ್ಸೆ ಮಾಡುವ ಕೋಣೆ) ಬಾಗಿಲಲ್ಲೇ 25 ನಿಮಿಷ ಸ್ಟ್ರೆಚರ್. ಭಾವನ ಕಾರ್ಡು, ನನ್ನ ಕಾರ್ಡು, ಎರಡೂ ಉಜ್ಜಿದೆವು. ತೊಡೆಸಂದಿಯಿಂದ ವಯರ್ ಬಿಟ್ಟು ಸ್ಟೆಂಟ್ ರಿಟ್ರೀವರ್ ಅನ್ನೋ ಸಣ್ಣ ಜಾಲರಿಯಲ್ಲಿ ಹೆಪ್ಪು ಎಳೆದರು. ಮೊದಲ ಸಲ ಬರಲಿಲ್ಲ. ಎರಡನೇ ಸಲ ಬಂತು. ಗಾಜ್ ಬಟ್ಟೆ ಮೇಲಿಟ್ಟು ತೋರಿಸಿದರು, ಕಪ್ಪು ದ್ರಾಕ್ಷಿ ಸಿಪ್ಪೆಯಷ್ಟು. ಇಷ್ಟಕ್ಕೆ ನಮ್ಮಪ್ಪ ಬಿದ್ದಿದ್ದು! ಒಟ್ಟು ಬಿಲ್ 5,84,000. ಇನ್ಶೂರೆನ್ಸ್‌ನವರು ಗ್ಲೌಸು, ಸಿರಿಂಜು ಅಂತ 71,400 ಕತ್ತರಿಸಿದರು. ಬಳೆ ಇನ್ನೂ ಸೊಸೈಟಿಯಲ್ಲಿ ಅಡವಿದೆ. ಅಪ್ಪ ಮಾತ್ರ ದಿನಾ ತೋಟಕ್ಕೆ ಹೋಗುತ್ತಾರೆ. ಮಾಡಿಸದವರು ಆಮೇಲೆ ಅಳಬೇಡಿ.

ದಾವಣಗೆರೆ ಮಗಳು: ಸರ್, ನಾವು ಮಾಡಿಸಿಯೂ ಅಳುತ್ತಿದ್ದೇವೆ. ಅಮ್ಮನಿಗೆ ಕುತ್ತಿಗೆಯ ಕೆರೋಟಿಡ್ ರಕ್ತನಾಳದಿಂದ ಮೇಲಿನ ತನಕ ಬ್ಲಾಕ್. ಮೊದಲು ಹೋದ ಆಸ್ಪತ್ರೆಯಲ್ಲಿ ಬರೀ ಸಿಟಿ ಸ್ಕ್ಯಾನ್ ಮಾಡಿ, "ಬ್ಲೀಡ್ ಇಲ್ಲ, ಬೆಳಿಗ್ಗೆ ನೋಡೋಣ" ಅಂದರು. ರಕ್ತನಾಳ ತೋರಿಸುವ ಆಂಜಿಯೋಗ್ರಾಂ ಮಾಡಿದ್ದು ಬೆಳಿಗ್ಗೆ ಏಳಕ್ಕೆ. ಬೆಂಗಳೂರಲ್ಲಿ ನಾಳ ತೆರೆಯಿತು. ಒಣಗಿದ ಕೊಂಬೆಗೆ ಚಿಗುರು ಬಂದ ಹಾಗೆ ರಕ್ತ ಹರಿದದ್ದನ್ನು ಸ್ಕ್ರೀನಲ್ಲಿ ತೋರಿಸಿದರು. ಕೈ ಮುಗಿದೆ. ಎರಡನೇ ದಿನ ಅದೇ ಜಾಗದಲ್ಲಿ ರಕ್ತಸ್ರಾವ. ತಲೆಬುರುಡೆಯ ಒಂದು ಭಾಗ ತೆಗೆದರು. ವೆಂಟಿಲೇಟರ್ 11 ದಿನ, 9,30,000. ಈಗ ಮೂಗಿನ ನಳಿಕೆಯಲ್ಲಿ ಗಂಜಿ, ಡೈಪರ್ ತಿಂಗಳಿಗೆ 3,200, ಫಿಸಿಯೋ ಸಲಕ್ಕೆ 400. ನನ್ನ ಗುರುತಿಲ್ಲ.

ಮಂಡ್ಯದ ಅಳಿಯ: ನಮ್ಮ ಮಾವನಿಗೆ ಬರೀ ಟೆನೆಕ್ಟೆಪ್ಲೇಸ್, ಅದೇ ಹೆಪ್ಪು ಕರಗಿಸುವ ಇಂಜೆಕ್ಷನ್. ಒಂದೂವರೆ ಗಂಟೆಯೊಳಗೆ ಬಿತ್ತು. ಸಂಜೆಗೆ ಕೈ ಎತ್ತಿದರು. 62 ಸಾವಿರಕ್ಕೆ ಮನೆಗೆ ಬಂದೆವು. ಎಲ್ಲರಿಗೂ ವಯರ್ ಹಾಕಿಸಿ ಅನ್ನೋದು ವ್ಯಾಪಾರ ಅಷ್ಟೇ.

ತುಮಕೂರು ತೋಟ: ನಿಮ್ಮ ಮಾವನದು ಸಣ್ಣ ಕವಲಿನದು. ದೊಡ್ಡ ನಾಳದ ಹೆಪ್ಪು ಇಂಜೆಕ್ಷನ್ನಿಗೆ ಅಷ್ಟು ಸುಲಭಕ್ಕೆ ಕರಗಲ್ಲ. 2015ರಲ್ಲೇ ರೋಗಿಗಳ ಮೇಲೆ ಮಾಡಿದ ಐದು ಟ್ರಯಲ್‌ಗಳ ಫಲಿತಾಂಶ ಬಂದು ಈ ವಾದ ಮುಗಿದಿದೆ.

ಮಂಡ್ಯದ ಅಳಿಯ: ನಮ್ಮ ಮಾವನ ಸ್ಕ್ಯಾನ್ ನೀವು ನೋಡಿದ್ರಾ?

ಹುಬ್ಬಳ್ಳಿ ಕಾಕಾ: ಲಕ್ವಾಕ್ಕ ಇಷ್ಟೆಲ್ಲಾ ಯಾಕ್ರೀ? ನಮ್ಮಜ್ಜ ಎಣ್ಣಿ ಹಚ್ಚಿಸಿಕೊಂಡು ಮೂರು ತಿಂಗಳಿಗೆ ಎದ್ದು ಓಡಾಡಿದರು.

ದಾವಣಗೆರೆ ಮಗಳು: ಕಾಕಾ, ಇದೇ ಎಣ್ಣೆ ಮಾತಾಡಿ ನಮ್ಮ ದೊಡ್ಡಮ್ಮ ಆವತ್ತು ಆಂಬುಲೆನ್ಸ್ ಒಂದು ಗಂಟೆ ನಿಲ್ಲಿಸಿದ್ದು. ದಯವಿಟ್ಟು ಸುಮ್ನಿರಿ.

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್: ನಾನು ಒಳಗಿರುವವನು. ಸ್ಟ್ರೋಕ್ ಆಗಿ ಆರು ಗಂಟೆ ಮೀರಿದರೂ, 24 ಗಂಟೆವರೆಗೂ ಮಾಡುತ್ತೇವೆ, ಆದರೆ ಮೆದುಳಲ್ಲಿ ಉಳಿಸುವಂಥದ್ದು ಇನ್ನೂ ಇದೆ ಅಂತ ಸ್ಕ್ಯಾನ್ ತೋರಿಸಬೇಕು. ಈಗ ಮಣಿಕಟ್ಟಿನಿಂದಲೂ ಹೋಗುತ್ತೇವೆ. ರಕ್ತ ತೆಳುವಾಗುವ ಮಾತ್ರೆ ನುಂಗಿದವರಿಗೆ ಇಂಜೆಕ್ಷನ್ ಕೊಡಲು ಹಿಂಜರಿಯುತ್ತಾರೆ, ಹೆಪ್ಪು ತೆಗೆಯಲು ಅಷ್ಟು ತೊಂದರೆಯಿಲ್ಲ. ಕೊನೇ ಮಾತ್ರೆ ಎಷ್ಟು ಗಂಟೆಗೆ ಅಂತ ಬರೆದಿಡಿ.

ಮಂಡ್ಯದ ಅಳಿಯ: ನಿಮ್ಮ ಸಂಬಳ ಅದರಿಂದಲೇ ಬರೋದು ಅಲ್ವಾ?

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್: 23 ಸಾವಿರ. ರಾತ್ರಿ ಎರಡಕ್ಕೆ ಫೋನ್ ಬಂದರೂ ಅಷ್ಟೇ.

ಸಾಗರದ ಹುಡುಗ: ಶಿವಮೊಗ್ಗದಲ್ಲಿ ರಾತ್ರಿ ಹೊತ್ತೂ ಮಾಡುತ್ತಾರಾ, ಯಾರಿಗಾದರೂ ಗೊತ್ತಾ?

ಮಂಡ್ಯದ ಅಳಿಯ: ತುಮಕೂರಿನವರೇ, 5,84,000 ಅನ್ನೋದೇ ನಂಗೆ ಅನುಮಾನ.

ತುಮಕೂರು ತೋಟ: ಹದಿನಾಲ್ಕು ಪುಟದ ಬಿಲ್ ಇದೆ. ಬೀರು ಕೀಲಿ ಹೆಂಡತಿ ಹತ್ತಿರ. ಸಂಜೆ ಹಾಕುತ್ತೇನೆ, ಕೂಡಿಸಿ ನೋಡಿ.