ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’: ಇಷ್ಟು ಮೆತ್ತಗಿನದು ಪ್ರತಿಭಟನೆಯ ಹಾಡಾದೀತೇ?

ಸಾಧನಕೇರಿ ಕೇಳುಗ:
ನಮಸ್ಕಾರ. ಧಾರವಾಡದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಿ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇವೆ. ಸಾಮಾನ್ಯವಾಗಿ ಖಯಾಲ್, ಠುಮರಿಗಳೇ ಹೆಚ್ಚು. ಈ ಸಲ ಪಾಶ್ಚಾತ್ಯ ಪಾಪ್ ಹಾಡೊಂದನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. 1971ರ ಜನವರಿಯಲ್ಲಿ ಅಮೆರಿಕದ ಧ್ವನಿಮುದ್ರಿಕೆ ಸಂಸ್ಥೆ ಮೋಟೌನ್ ಹೊರತಂದ, ಅಲ್ಲಿನ ಗಾಯಕ ಮಾರ್ವಿನ್ ಗೇ ಅವರ ಈ ಹಾಡನ್ನು ಆರಿಸಿಕೊಂಡಿದ್ದೇನೆ. ಫೋರ್ ಟಾಪ್ಸ್ ಎಂಬ ಗಾಯಕರ ತಂಡದ ಓಬಿ ಬೆನ್ಸನ್ ಅವರು 1969ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪೊಲೀಸರು ಯುವಜನರನ್ನು ಥಳಿಸುವುದನ್ನು ಕಣ್ಣಾರೆ ಕಂಡದ್ದು ಇದರ ಹುಟ್ಟಿಗೆ ಕಾರಣ. ಅಲ್ ಕ್ಲೀವ್‌ಲ್ಯಾಂಡ್ ಅದನ್ನು ಹಾಡಿನ ರೂಪಕ್ಕೆ ತಂದರು. ಕೊನೆಗೆ ಗೇ ಅದನ್ನು ತಮ್ಮದಾಗಿಸಿಕೊಂಡರು. ಇಷ್ಟೆಲ್ಲ ವಿವರಿಸಿ ಮುಂಚಿತವಾಗಿ ಒಮ್ಮೆ ಕೇಳಿಸಿದಾಗ ನಮ್ಮ ಹಿರಿಯರೊಬ್ಬರು, ‘ಎಲ್ಲಾ ಸರಿ, ಇದರಲ್ಲಿ ಸಿಟ್ಟು ಎಲ್ಲಿದೆ? ಮದುವೆಯ ಊಟದ ಹೊತ್ತಿಗೂ ಹಾಕಬಹುದಲ್ಲ’ ಎಂದರು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹುಬ್ಬಳ್ಳಿ ಗಿಟಾರ್:
ನಿಮ್ಮ ಹಿರಿಯರ ಕಿವಿ ಸರಿಯಾಗಿಯೇ ಇದೆ. ಸಿಟ್ಟನ್ನು ಬೇಕೆಂದೇ ಒಳಗಿಟ್ಟ ಹಾಡು ಇದು. ಆರಂಭದಲ್ಲಿ ಕೇಳುವುದು ಸ್ನೇಹಿತರ ಹರಟೆ, ಪರಸ್ಪರ ಕ್ಷೇಮ ವಿಚಾರಿಸುವ ಮಾತು. ಅದರಲ್ಲಿ ಡೆಟ್ರಾಯಿಟ್‌ನ ಅಮೆರಿಕನ್ ಫುಟ್‌ಬಾಲ್ ಆಟಗಾರರಾದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ ಅವರ ಧ್ವನಿಗಳೂ ಇವೆ. ಅದರೊಡನೆ ಬರುವ ಸ್ಯಾಕ್ಸೋಫೋನ್ ತುಣುಕನ್ನು ಈಲೈ ಫಾಂಟೇನ್ ಅವರು ವಾದ್ಯವನ್ನು ಹದಗೊಳಿಸಿಕೊಳ್ಳುತ್ತ ಸುಮ್ಮನೆ ನುಡಿಸಿದ್ದರಂತೆ. ಗೇ ಅದನ್ನೇ ಉಳಿಸಿಕೊಂಡರು.

ನೀವು ಮುಖ್ಯವಾಗಿ ತೋರಿಸಿಕೊಡಬೇಕಾದದ್ದು ಧ್ವನಿಯ ಜೋಡಣೆಯನ್ನು. ಗೇ ಎರಡು ಸಲ ಹಾಡಿದ ಮುದ್ರಣಗಳು ತಾಂತ್ರಿಕ ಸಿಬ್ಬಂದಿಯ ಕೈತಪ್ಪಿನಿಂದ ಒಟ್ಟಿಗೆ ಕೇಳಿಬಂದವು. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ ಹಾಗೆಯೇ ಇಟ್ಟುಕೊಂಡರು. ಹೀಗಾಗಿ ಒಬ್ಬನೇ ಗಾಯಕ ತನ್ನೊಡನೆ ತಾನೇ ಜುಗಲಬಂದಿಗೆ ಕುಳಿತಂತೆ ಒಂದು ಧ್ವನಿ ಸಾಲನ್ನು ಹಾಡಿದರೆ ಇನ್ನೊಂದು ಅದರ ಬೆನ್ನ ಹಿಂದೆ ಬೇರೆ ದಾರಿಯಲ್ಲಿ ಬಂದು ಸೇರುತ್ತದೆ. ಇಬ್ಬರೂ ಕೂಗುವುದಿಲ್ಲ. ಫಲಕ ಹಿಡಿದವರನ್ನು ಕ್ರೌರ್ಯದಿಂದ ದಂಡಿಸಬೇಡಿ ಎಂಬ ಅರ್ಥದ ಮಾತು ಬರುವಲ್ಲಿಯೂ ಧ್ವನಿ ಗಡುಸಾಗುವುದಿಲ್ಲ, ಬೇಡಿಕೊಳ್ಳುವಂತೆ ಇಳಿಯುತ್ತದೆ. ಕೆಳಗೆ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಮಾತ್ರ ಒಂದು ಕ್ಷಣವೂ ಸುಮ್ಮನೆ ಕೂಡುವುದಿಲ್ಲ. ನನಗೆ ಕೇಳಿದರೆ ಹಾಡಿನ ಚಡಪಡಿಕೆಯೆಲ್ಲ ಅಲ್ಲಿಯೇ ಇದೆ. ಒಳ್ಳೆಯ ಹೆಡ್‌ಫೋನ್ ಇಲ್ಲವೇ ದೊಡ್ಡ ಸ್ಪೀಕರ್ ಇಲ್ಲದಿದ್ದರೆ ಅದು ಕೇಳಿಸದು. ಮೊಬೈಲಿನಲ್ಲಿ ಹಾಕಿ ಹಿರಿಯರನ್ನು ಒಪ್ಪಿಸಲು ಹೋಗಬೇಡಿರಿ.

ಬೆಟಗೇರಿಯಿಂದ:
ಮೇಲಿನವರು ಹೇಳಿದ ಸಂಗೀತದ ಮಾತನ್ನು ಒಪ್ಪುತ್ತೇನೆ, ಆದರೆ ಹಿರಿಯರ ಆಕ್ಷೇಪಕ್ಕೆ ಅದು ಪೂರ್ಣ ಉತ್ತರವಲ್ಲ. ನಮ್ಮ ನರಗುಂದದಲ್ಲಿ 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ಬೀದಿಗಿಳಿದಾಗ ಗೋಲಿಬಾರ್ ಆಯಿತು. ಅಂಥ ದಿನಗಳಲ್ಲಿ ಜನರಿಗೆ ಬೇಕಾಗುವುದು ಸಾವಿರ ಮಂದಿ ಒಂದೇ ಉಸಿರಿನಲ್ಲಿ ಎತ್ತಿಕೊಳ್ಳಬಹುದಾದ ಪಲ್ಲವಿ. ದಲಿತ ಚಳವಳಿಗೆ ಸಿದ್ಧಲಿಂಗಯ್ಯನವರ ಹಾಡುಗಳು ಒದಗಿದ್ದು ಹಾಗೆ. ಗೇ ಅವರ ಹಾಡನ್ನು ಮೆರವಣಿಗೆಯಲ್ಲಿ ಹಾಡಲಾಗದು. ಎರಡು ಧ್ವನಿಗಳ ಆ ಹೆಣಿಗೆ ತಮಟೆಯ ಮುಂದೆ ನಿಲ್ಲುವುದಿಲ್ಲ. ಅದು ಮೆರವಣಿಗೆಗೆ ಹೋಗದೆ ಮನೆಯಲ್ಲಿ ಉಳಿದವರಿಗಾಗಿ ಬರೆದ ಹಾಡು ಎಂದು ನನ್ನ ಅಭಿಪ್ರಾಯ. (ಶರೀಫರ ಹೆಸರೆತ್ತದೆ ನಮ್ಮ ಭಾಗದಲ್ಲಿ ಹಾಡಿನ ಚರ್ಚೆ ಮುಗಿಯುವುದಿಲ್ಲ, ಆ ಕೆಲಸವನ್ನು ಮುಂದಿನವರಿಗೆ ಬಿಟ್ಟಿದ್ದೇನೆ.)

ಹಾನಗಲ್ಲ ಓದುಗ:
ಶರೀಫರನ್ನು ನಾನೂ ಈ ಸಲ ಬಿಡುತ್ತೇನೆ. ಬೆಟಗೇರಿಯವರ ಕೊನೆಯ ಮಾತನ್ನೇ ಹಿಡಿದು ಮುಂದುವರಿಯುತ್ತೇನೆ, ಏಕೆಂದರೆ ಹಾಡು ಸಂಬೋಧಿಸುವುದು ಸರ್ಕಾರವನ್ನಲ್ಲ. ಮೊದಲು ತಾಯಿಯನ್ನು, ಆಮೇಲೆ ಸಹೋದರನನ್ನು, ಬಳಿಕ ತಂದೆಯನ್ನು. ಗೇ ಅವರ ತಮ್ಮ ಫ್ರಾಂಕಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಅಲ್ಲಿ ಕಂಡದ್ದನ್ನು ಅಣ್ಣನಿಗೆ ಹೇಳಿಕೊಂಡಿದ್ದರು. ಗೇ ಅವರೊಡನೆ ಜೊತೆಯಾಗಿ ಹಾಡುತ್ತಿದ್ದ ಗಾಯಕಿ ಟ್ಯಾಮಿ ಟೆರೆಲ್ 1970ರ ಮಾರ್ಚ್‌ನಲ್ಲಿ ತೀರಿಕೊಂಡರು. ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ಸೈನಿಕರು ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಧ್ವನಿಮುದ್ರಣ ಶುರುವಾದದ್ದು ಜೂನ್‌ನಲ್ಲಿ. ಇಷ್ಟರ ನಡುವೆ ನಿಂತವನು ಕೂಗದೆ ಕೇಳುತ್ತಾನೆ ಎಂದರೆ, ಸಿಟ್ಟಿಲ್ಲವೆಂದಲ್ಲ. ಎದುರಿಗಿರುವವರು ಮನೆಯವರು ಎಂದು ಅರ್ಥ. ಬೆನ್ಸನ್ ಅವರ ತಂಡದವರು ಇದು ಪ್ರತಿಭಟನೆಯ ಹಾಡೆಂದು ದೂರವಿಟ್ಟಾಗ, ತಾನು ಪ್ರತಿಭಟಿಸುತ್ತಿಲ್ಲ, ಏನು ನಡೆದಿದೆ ಎಂದು ತಿಳಿಯಬಯಸುತ್ತಿದ್ದೇನೆ ಎಂದು ಬೆನ್ಸನ್ ವಾದಿಸಿದ್ದರು.

ಹಾಗೆಂದು ಅದು ನಿರುಪದ್ರವಿಯಾಗಿ ಯಾರಿಗೂ ಕಾಣಲಿಲ್ಲ. ಮೋಟೌನ್ ಮಾಲೀಕ ಬೆರ್ರಿ ಗಾರ್ಡಿ ಅವರಿಗೆ ಇದು ಹಿಡಿಸಲಿಲ್ಲ. ಇದು ಹೊರಬರುವವರೆಗೆ ಬೇರೇನನ್ನೂ ಹಾಡುವುದಿಲ್ಲವೆಂದು ಗೇ ಪಟ್ಟು ಹಿಡಿದರು. ಹೊರಬಂದ ಮೇಲೆ ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಆಗ ಅದೇ ಮಾಲೀಕರು ಇಡೀ ಆಲ್ಬಮ್ ಬೇಗ ಬೇಕೆಂದರು. ವ್ಯಾಪಾರದ ನ್ಯಾಯ ಎಲ್ಲೆಡೆಯೂ ಒಂದೇ.

ಸಾಧನಕೇರಿ ಕೇಳುಗ:
ಮೂವರಿಗೂ ಧನ್ಯವಾದಗಳು. ಗೋಷ್ಠಿಯಲ್ಲಿ ಬಿಡಿ ಹಾಡನ್ನು ಕೇಳಿಸಲೇ, ಆಲ್ಬಮ್‌ನಿಂದ ಕೇಳಿಸಲೇ?

ಹಾನಗಲ್ಲ ಓದುಗ:
ಆಲ್ಬಮ್‌ನಿಂದಲೇ ಕೇಳಿಸಿರಿ, ಮತ್ತು ಮೊದಲ ಹಾಡು ಮುಗಿಯುತ್ತ ಬಂದಂತೆ ನಿಲ್ಲಿಸಬೇಡಿರಿ. ಅದು ಬಿಡುವಿಲ್ಲದೆ ಎರಡನೆಯದಕ್ಕೆ ಹರಿಯುತ್ತದೆ. ಅಲ್ಲಿ ಯುದ್ಧದಿಂದ ಮರಳಿದವನೊಬ್ಬ ಊರಲ್ಲಿ ಕೆಲಸ ಸಿಗದೆ, ಹಳೆಯ ಗೆಳೆಯರನ್ನೂ ತನ್ನ ತಂಡ ಈ ವರ್ಷ ಗೆದ್ದೀತೇ ಎಂಬುದನ್ನೂ ವಿಚಾರಿಸುತ್ತಾನೆ. ನಿಮ್ಮ ಹಿರಿಯರಿಗೆ ಅದನ್ನೂ ಕೇಳಿಸಿದ ಮೇಲೆ ಮದುವೆಯ ಊಟದ ಪ್ರಶ್ನೆಯನ್ನು ಮತ್ತೆ ಎತ್ತಿರಿ.