ಅಪ್‌ಡೇಟ್: ಮಗನಿಗೆ ಆನ್‌ಲೈನಾ, ಶಾಲೆನಾ ಅಂತ ಕೇಳಿದ್ದೆ

ಆರನೇ ಕ್ಲಾಸಿನ ಮಗ ಸಿಟ್ಟು ಬಂದರೆ ಬೆಂಚು ತಳ್ಳಿ ಹೊರಗೆ ಓಡುತ್ತಾನೆ, ಶಾಲೆಯವರು ಮನೆಯಲ್ಲೇ ಆನ್‌ಲೈನ್ ಓದಿಸಿ ಅಂತಾರೆ, ಏನು ಮಾಡಲಿ ಅಂತ ಜೂನ್‌ನಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೂರು ತಿಂಗಳು ಆನ್‌ಲೈನ್ ಮಾಡಿಸಿದೆವು. ಮೊದಲೆರಡು ವಾರ ಮನೆ ತಣ್ಣಗಿತ್ತು. ರೇಗಿಸುವವರಿಲ್ಲ, ಗದ್ದಲ ಇಲ್ಲ, ಲೆಕ್ಕ ಬೇಗ ಬೇಗ ಮುಗಿಸುತ್ತಿದ್ದ. ಆಮೇಲೆ ಕ್ಯಾಮೆರಾ ಆಫ್ ಮಾಡಿ ಮಂಚದ ಕೆಳಗೆ ಮಲಗಲು ಶುರು ಮಾಡಿದ. ಸಿಟ್ಟು ಹೋಗಿರಲಿಲ್ಲ, ಸಿಟ್ಟು ಬರುವ ಸಂದರ್ಭ ಇರಲಿಲ್ಲ ಅಷ್ಟೇ. ನಾಲ್ಕು ಮಕ್ಕಳ ಜೊತೆ ಇರದೆ ಅದನ್ನು ತಡೆಯೋದು ಕಲಿಯೋದು ಹೇಗೆ, ಅಲ್ವಾ?

ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿದೆವು. ನಿಮ್ಮಲ್ಲೊಬ್ಬರು ಹೇಳಿದ ಕಾನೂನಿನ ಮಾತು ಜಾಸ್ತಿ ಉಪಯೋಗಕ್ಕೆ ಬಂತು: 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. ಅದನ್ನು ಬರೆದುಕೊಟ್ಟ ಮೇಲೆ ಶಾಲೆಯವರು ಕೂತು ಮಾತಾಡಿದರು.

ಈಗ ಮಧ್ಯಾಹ್ನದವರೆಗೆ ಶಾಲೆ, ಉಳಿದದ್ದು ಮನೆಯಲ್ಲಿ. ಅವನ ಜೇಬಲ್ಲಿ ಒಂದು ಕೆಂಪು ಕಾರ್ಡ್ ಇರುತ್ತೆ. ತಲೆ ಬಿಸಿಯಾದರೆ ಅದನ್ನು ಮೇಜಿನ ಮೇಲಿಟ್ಟು ಐದು ನಿಮಿಷ ಲೈಬ್ರರಿಗೆ ಹೋಗಬಹುದು, ಟೀಚರ್ ಏನೂ ಕೇಳಲ್ಲ. ಕಾರ್ಡಿನ ಮೂಲೆಗಳೆಲ್ಲ ಮಡಚಿ ಹೋಗಿವೆ. ಗುರುವಾರ ಅದನ್ನು ಹೊರಗೇ ತೆಗೆಯಲಿಲ್ಲವಂತೆ.